ನುಗ್ಗೆ ಮರಕ್ಕೆ ಜೇನು ಹಿಂಡು ಬಂದು ಕೂತಿದೆ, ನಾಳೆ ಔಷಧಿ ಹೊಡೆಸುತ್ತಾರಂತೆ. ಏನು ಮಾಡೋಣ?

ಬಾಲ್ಕನಿ ತೋಟ (ಕರ್ವೆನಗರ, ಪುಣೆ)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ನಮ್ಮ ಸೊಸೈಟಿಯ ಸ್ಕೂಟರ್ ಪಾರ್ಕಿಂಗ್ ಪಕ್ಕದ ನುಗ್ಗೆ ಮರಕ್ಕೆ ಇವತ್ತು ಮಧ್ಯಾಹ್ನ ಜೇನು ನೊಣಗಳ ಹಿಂಡೊಂದು ಬಂದು ಕೂತಿದೆ. ಸುಲಿದ ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡ ಗೊಂಚಲು. ನೆಲದಿಂದ ಏಳೆಂಟು ಅಡಿ ಎತ್ತರ. ಇಲ್ಲಿವರೆಗೆ ಯಾರಿಗೂ ಕಚ್ಚಿಲ್ಲ. ಆದರೂ ನಮ್ಮ ಚೇರ್ಮನ್ ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡಿಯಾಯ್ತು. ನಾಳೆ ಬೆಳಗ್ಗೆ ಬಂದು ಔಷಧಿ ಹೊಡೆಯುತ್ತಾರಂತೆ.

ಒಂದು, ಇದನ್ನು ಹೇಗಾದರೂ ನಿಲ್ಲಿಸಬಹುದಾ? ಎರಡು, ನಂಗೆ ಮೊದಲಿಂದಲೂ ಒಂದು ಜೇನು ಪೆಟ್ಟಿಗೆ ಇಡುವ ಆಸೆ. ಮೂರನೇ ಮಹಡಿ, ಪಶ್ಚಿಮಕ್ಕೆ ಬಾಲ್ಕನಿ, ನಿಂಬೆ, ತುಳಸಿ, ದಾಸವಾಳ ಎಲ್ಲ ಇದೆ. ಈ ಹಿಂಡನ್ನೇ ಪೆಟ್ಟಿಗೆಗೆ ತುಂಬಿಸಿ ಅಲ್ಲಿ ಇಟ್ಟುಕೊಂಡರೆ?

ಘಟ್ಟದ ಮೇಲಿನವ (ನಿಗಡಿ)

ಅಕ್ಕ, ಮೊದಲು ಎರಡು ವಿಷಯ ನೋಡಿ ಹೇಳಿ. ಹತ್ತಿರ ಹೋಗೋದು ಬೇಡ, ಮೊಬೈಲಲ್ಲಿ ಜೂಮ್ ಮಾಡಿದರೆ ಸಾಕು.

ಗೊಂಚಲಿನ ಒಳಗೆ ಮೇಣದ ಎರಿ (ಕೋಶಗಳಿರುವ ಜೇನುತಟ್ಟಿ) ಕಾಣುತ್ತಾ, ಅಥವಾ ಬರೀ ನೊಣಗಳೇ ಒಂದಕ್ಕೊಂದು ಕಾಲು ಹಿಡಿದುಕೊಂಡು ನೇತಾಡುತ್ತಿವೆಯಾ? ಎರಡನೆಯದು, ನೊಣದ ಗಾತ್ರ. ಉದ್ದ ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್ ಇದ್ದು ಹೊಟ್ಟೆ ಮೇಲೆ ಪಟ್ಟೆ ಇದ್ದರೆ ತುಡುವೆ. ಅದರ ಎರಡರಷ್ಟು ಉದ್ದ ಇದ್ದರೆ ಹೆಜ್ಜೇನು. ತುಡುವೆಯ ಹತ್ತಿರ ಮಾಡುವ ಕೆಲಸ ಹೆಜ್ಜೇನಿನ ಹತ್ತಿರ ಮಾಡೋಕೆ ಹೋಗಬಾರದು. ಇಲ್ಲಿ ವಾಚ್‌ಮನ್ ಹತ್ತಿರ ಮಾತಾಡುವಾಗ ತುಡುವೆಗೆ ಸಾತೇರಿ, ಹೆಜ್ಜೇನಿಗೆ ಆಗ್ಯಾ ಮೋಹೋಳ ಅಂದರೆ ತಕ್ಷಣ ಗೊತ್ತಾಗುತ್ತೆ.

ಎರಿ ಇಲ್ಲದ ಬರೀ ಗೊಂಚಲು ಅಂದರೆ ಅವು ದಾರಿಯಲ್ಲಿ ತಂಗಿವೆ ಅಂತ ಅರ್ಥ. ಕೆಲವು ಗಂಟೆ, ಜಾಸ್ತಿ ಅಂದರೆ ಒಂದೆರಡು ದಿನ. ಆಮೇಲೆ ತಾವೇ ಹೋಗುತ್ತವೆ. ಚೇರ್ಮನ್‌ಗೆ ಇಷ್ಟು ಹೇಳಿ, ನಾಳೆಯ ಬುಕಿಂಗ್ ಮುಂದಕ್ಕೆ ಹಾಕಿಸಿ.

ಸೊಸೈಟಿ ಖಜಾಂಚಿ (ವಾಕಡ್)

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. "ತಾವೇ ಹೋಗುತ್ತವೆ" ಅಂತ ಹೇಳೋದು ಸುಲಭ. ಕೆಳಗೆ ಮಕ್ಕಳು ಆಡುತ್ತಾರೆ, ಹಾಲು ಹಾಕುವವನು ಬರುತ್ತಾನೆ. ಯಾರಿಗಾದರೂ ಹತ್ತು ನೊಣ ಕಚ್ಚಿದರೆ ಮೊದಲು ಬಾಗಿಲು ತಟ್ಟೋದು ಕಮಿಟಿಯವರ ಮನೆಯದ್ದು, ಜೇನು ಪ್ರೇಮಿಗಳದ್ದಲ್ಲ. ಕಮಿಟಿಯಲ್ಲಿ ಕೂತವರ ಕಷ್ಟ ಕೂತವರಿಗೇ ಗೊತ್ತು.

ಬಾಲ್ಕನಿ ತೋಟ

ಎರಿ ಕಾಣುತ್ತಿಲ್ಲ. ನೊಣ ಸಣ್ಣದು, ಮನೆ ನೊಣಕ್ಕಿಂತ ಸ್ವಲ್ಪ ಉದ್ದ, ಹೊಟ್ಟೆ ಮೇಲೆ ಹಳದಿ ಕಪ್ಪು ಪಟ್ಟೆ. ಖಜಾಂಚಿ ಸರ್, ಆ ಭಯ ನಮ್ಮ ಚೇರ್ಮನ್‌ಗೂ ಇದೆ. ಅದಕ್ಕೇ ಕೇಳುತ್ತಿದ್ದೇನೆ.

ಪುತ್ತೂರಿನ ಮಾವ (ಮುಲುಂಡ್, ಮುಂಬೈ)

ಹಾಗಾದರೆ ತುಡುವೆಯೇ. ನಮ್ಮ ಕಡೆ ಇದಕ್ಕೆ ಕುಟುಂಬ ಪಾಲಾಯಿತು ಅನ್ನುತ್ತೇವೆ. ಹೂವು ಜಾಸ್ತಿ ಬಿಡುವ ಕಾಲದಲ್ಲಿ ಗೂಡಿನೊಳಗೆ ನೊಣ ಹೆಚ್ಚಾಗಿ ಜಾಗ ಸಾಲದಾಗುತ್ತದೆ. ಆಗ ಎರಿಯ ಕೆಳ ಅಂಚಿನಲ್ಲಿ ಹೊಸ ರಾಣಿಗೆ ಅಂತ ಉದ್ದುದ್ದ ಕೋಶ ಕಟ್ಟುತ್ತವೆ. ಆ ಕೋಶಕ್ಕೆ ಮುಚ್ಚಳ ಬೀಳುವ ಹೊತ್ತಿಗೆ ಹಳೇ ರಾಣಿ ಸುಮಾರು ಅರ್ಧ ಸಂಸಾರ ಕಟ್ಟಿಕೊಂಡು ಹೊರಗೆ ಬೀಳುತ್ತದೆ. ಹಳೇ ಮನೆ ಮಗಳಿಗೆ, ಅಮ್ಮ ಬೀದಿಗೆ. ನಮ್ಮಲ್ಲಿ ಉಲ್ಟಾ.

ಹೊರಡುವ ಮುಂಚೆ ಪ್ರತಿ ನೊಣವೂ ಹೊಟ್ಟೆ ತುಂಬ ಜೇನು ಕುಡಿದಿರುತ್ತದೆ. ಕಾಯೋಕೆ ಮರಿಯಿಲ್ಲ, ಎರಿಯಿಲ್ಲ, ಸಂಗ್ರಹವಿಲ್ಲ. ಅದಕ್ಕೇ ಗೊಂಚಲು ಕಟ್ಟಿದ ಹಿಂಡು ಇಷ್ಟು ಸೌಮ್ಯ. ಹಾಗಂತ ಕಲ್ಲು ಹೊಡೆಯಲು, ನೀರು ಚಿಮುಕಿಸಲು, ಕೆಳಗೆ ಪೇಪರ್ ಸುಟ್ಟು ಹೊಗೆ ಹಾಕಲು ಹೋಗಬೇಡಿ. ಎರಡು ದಿನ ಹಸಿದು ಕೂತ ಹಿಂಡಿಗೆ ಸಿಟ್ಟು ಬೇಗ ಬರುತ್ತದೆ.

ಹಿಡಿಯುವವರು ಬಂದರೆ ಹೀಗೆ ಮಾಡುತ್ತಾರೆ, ನಿಮಗೂ ಗೊತ್ತಿರಲಿ. ಸಂಜೆ ಬಿಸಿಲು ಇಳಿದ ಮೇಲೆ ಗೊಂಚಲಿನ ಕೆಳಗೆ ಪೆಟ್ಟಿಗೆ ಹಿಡಿದು ಕೊಂಬೆಯನ್ನು ಒಮ್ಮೆ ಜೋರಾಗಿ ಕೊಡವುತ್ತಾರೆ. ಒಮ್ಮೆ ಮಾತ್ರ. ಸಣ್ಣಗೆ ಅಲ್ಲಾಡಿಸುತ್ತಾ ಇದ್ದರೆ ಅರ್ಧ ನೊಣ ಗಾಳಿಗೆ ಏಳುತ್ತದೆ. ರಾಣಿ ಪೆಟ್ಟಿಗೆಯೊಳಗೆ ಬಿದ್ದಿದ್ದರೆ ಐದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ: ಬಾಗಿಲಲ್ಲಿ ಕೆಲವು ನೊಣ ಹಿಂಭಾಗ ಮೇಲೆತ್ತಿ ರೆಕ್ಕೆ ಬೀಸುತ್ತಾ ನಿಲ್ಲುತ್ತವೆ, ಉಳಿದವು ಸಾಲುಗಟ್ಟಿ ಒಳಗೆ ನಡೆಯುತ್ತವೆ. ರಾಣಿ ಹೊರಗೇ ಉಳಿದಿದ್ದರೆ ಎಲ್ಲವೂ ವಾಪಸ್ ಕೊಂಬೆಗೆ. ಪೂರ್ತಿ ಕತ್ತಲಾದ ಮೇಲೆ ಬಾಗಿಲಿಗೆ ಜಾಲರಿ ಕಟ್ಟಿ ಸಾಗಿಸುವುದು.

ಪೆಟ್ಟಿಗೆಯೊಳಗೆ ಬೇರೆ ಕುಟುಂಬದ ಮರಿ ಇರುವ ಒಂದು ಚೌಕಟ್ಟು ಕೊಟ್ಟರೆ ನಿಲ್ಲುವ ಸಾಧ್ಯತೆ ಜಾಸ್ತಿ. ಮರಿ ಬಿಟ್ಟು ಹೋಗಲು ಅವಕ್ಕೆ ಮನಸ್ಸಾಗುವುದಿಲ್ಲ. ಬರೀ ಹೊಸ ಪೆಟ್ಟಿಗೆಗೆ ತುಂಬಿಸಿದರೆ ತುಡುವೆ ಮರುದಿನವೇ ಎದ್ದು ಹೋಗುತ್ತದೆ. ನಾಲ್ಕೈದು ದಿನ ಬಾಗಿಲಿಗೆ ರಾಣಿ ಗೇಟ್ (ಕೆಲಸದ ನೊಣ ನುಸುಳುವ, ರಾಣಿ ನುಸುಳಲಾಗದ ಜಾಲರಿ) ಹಾಕಿ, ಸಕ್ಕರೆ ಮತ್ತು ನೀರು ಸಮಸಮ ಬೆರೆಸಿದ ಪಾಕ ಕೊಟ್ಟು ಕೂರಿಸಬೇಕು.

ನೊಣದ ಹಿಂದೆ (ಪಾಷಾಣ್, ಪುಣೆ)

ಮಾವ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ಆ ಗೊಂಚಲು ಸುಮ್ನೆ ಕೂತಿಲ್ಲ, ಅಲ್ಲಿ ಮೀಟಿಂಗ್ ನಡೆಯುತ್ತಿದೆ. ಒಂದಷ್ಟು ಹಳೇ ಅನುಭವಿ ನೊಣಗಳು ಸುತ್ತ ಹಾರಿ ಪೊಟರೆ, ಗೋಡೆ ಬಿರುಕು, ಮೀಟರ್ ಬಾಕ್ಸ್ ಎಲ್ಲ ನೋಡಿಕೊಂಡು ಬರುತ್ತವೆ. ಬಂದು ಗೊಂಚಲಿನ ಮೇಲೇ ಕುಣಿದು ದಿಕ್ಕು, ದೂರ ಹೇಳುತ್ತವೆ. ಜಾಗ ಚೆನ್ನಾಗಿದ್ದಷ್ಟೂ ಕುಣಿತ ಜಾಸ್ತಿ ಹೊತ್ತು. ಬೇರೆ ನೊಣಗಳು ತಾವೇ ಹೋಗಿ ನೋಡಿ ಬಂದು ಸೇರಿಕೊಳ್ಳುತ್ತವೆ. ಒಂದು ಜಾಗಕ್ಕೆ ಸಾಕಷ್ಟು ಬೆಂಬಲ ಸಿಕ್ಕಾಗ ಇಡೀ ಹಿಂಡು ಏಳುತ್ತದೆ.

ಈ ಕುಣಿತದ ಅರ್ಥ ಬಿಡಿಸಿದ ಕಾರ್ಲ್ ಫಾನ್ ಫ್ರಿಶ್‌ಗೆ 1973ರಲ್ಲಿ ನೊಬೆಲ್ ಬಂತು. ಅವರ ಶಿಷ್ಯ ಮಾರ್ಟಿನ್ ಲಿಂಡಾವರ್ ಯುದ್ಧ ಮುಗಿದ ನಂತರದ ಮ್ಯೂನಿಕ್‌ನಲ್ಲಿ ಒಂದು ಹಿಂಡು ನೋಡುತ್ತಿದ್ದಾಗ ಕುಣಿಯುವ ನೊಣಗಳ ಮೈಮೇಲೆ ಪರಾಗದ ಬದಲು ಮಸಿ, ಇಟ್ಟಿಗೆ ಪುಡಿ ಕಂಡರು. ಇವು ಹೂವಿಗೆ ಹೋಗಿದ್ದಲ್ಲ, ಚಿಮಣಿ, ಬಿದ್ದ ಕಟ್ಟಡ ಎಲ್ಲ ಹೊಕ್ಕು ಮನೆ ಹುಡುಕಿ ಬಂದಿವೆ ಅಂತ ಅವರಿಗೆ ಹೊಳೆದಿದ್ದು ಆಗ.

ಅದಕ್ಕೇ ಅಕ್ಕ, ಹಿಂಡು ಮರದಲ್ಲಿ ಇರುವಾಗ ಸೊಸೈಟಿಯ ಮೀಟರ್ ಬಾಕ್ಸ್, ಹಳೇ ಡ್ರೈನೇಜ್ ಪೈಪ್, ಲಿಫ್ಟ್ ರೂಮಿನ ಸಂದು ಕಡೆ ಒಂದು ಕಣ್ಣಿಡಿ. ನಾಲ್ಕಾರು ನೊಣ ಅಲ್ಲೇ ಒಳಗೆ ಹೊರಗೆ ಓಡಾಡುತ್ತಿದ್ದರೆ ಅವು ಮನೆ ನೋಡುತ್ತಿವೆ. ಬೇಡ ಅಂದರೆ ಈಗಲೇ ಜಾಲರಿ ಬಡಿಸಿ. ಒಳಗೆ ಹೊಕ್ಕು ಎರಿ ಕಟ್ಟಿದ ಮೇಲೆ ಗೋಡೆ ಒಡೆಯಬೇಕಾಗುತ್ತೆ.

ಘಟ್ಟದ ಮೇಲಿನವ

ನಂಗೆ ಇವತ್ತು ಸಂಜೆ ಬಿಡುವಿದೆ. ನನ್ನ ಹತ್ತಿರ ಒಂದು ಖಾಲಿ ಪೆಟ್ಟಿಗೆ ಇದೆ, ಮರಿ ಇರುವ ಚೌಕಟ್ಟೂ ತರಬಹುದು. ಏಣಿ ನಿಮ್ಮಲ್ಲಿ ಸಿಗುತ್ತಾ? ಚೇರ್ಮನ್ ಒಪ್ಪಿಗೆ ಮೆಸೇಜಲ್ಲಿ ಹಾಕಿಸಿಕೊಳ್ಳಿ. ಬಾಯಿ ಮಾತಲ್ಲಿ ಬೇಡ.

ಡಾಕ್ಟ್ರಮ್ಮ (ಠಾಣೆ)

ಯಾರೂ ಈ ವಿಷಯ ಎತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಸಂಜೆ ಅಲ್ಲಿ ನಿಂತು ನೋಡುವವರು ಓದಿ.

ಜೇನು ನೊಣದ ಕೊಂಡಿಗೆ ಮುಳ್ಳಿರುತ್ತೆ, ಚರ್ಮದಲ್ಲೇ ಉಳಿಯುತ್ತೆ. ಅದರ ಜೊತೆಗಿನ ವಿಷದ ಚೀಲ ಆಮೇಲೂ ವಿಷ ಒಳಗೆ ತಳ್ಳುತ್ತಿರುತ್ತೆ. ಹಾಗಾಗಿ ಹೇಗೆ ತೆಗೆಯುತ್ತೀರಿ ಅನ್ನೋದಕ್ಕಿಂತ ಎಷ್ಟು ಬೇಗ ತೆಗೆಯುತ್ತೀರಿ ಅನ್ನೋದು ಮುಖ್ಯ. ಉಗುರಲ್ಲಿ ಕೆರೆದು ಬಿಸಾಕಿ. ಸೋಪು ನೀರಲ್ಲಿ ತೊಳೆದು ಐಸ್ ಇಡಿ. ಸುಣ್ಣ, ಟೂತ್‌ಪೇಸ್ಟ್, ಕಬ್ಬಿಣ ತಿಕ್ಕೋದು ಎಲ್ಲ ಬೇಡ. ಕಚ್ಚಿದ ಜಾಗ ಎರಡು ಮೂರು ದಿನ ಊದಿಕೊಂಡು ತುರಿಸೋದು ಮಾಮೂಲು.

ಮಾಮೂಲಲ್ಲದ್ದು ಏನಂದರೆ: ಕಚ್ಚಿದ್ದು ಕೈಗೆ, ದದ್ದು ಎದ್ದಿದ್ದು ಮೈಯೆಲ್ಲ. ತುಟಿ, ನಾಲಿಗೆ ಊತ. ಉಸಿರು ಕಟ್ಟೋದು, ದನಿ ಬದಲಾಗೋದು, ವಾಂತಿ, ತಲೆ ಸುತ್ತಿ ಬೀಳೋದು. ಇದರಲ್ಲಿ ಯಾವುದು ಕಂಡರೂ ಮನೆ ಮದ್ದು, ಅಲರ್ಜಿ ಮಾತ್ರೆ ಅಂತ ಕಾಯಬೇಡಿ. ಹತ್ತಿರದ ಆಸ್ಪತ್ರೆಯ ಎಮರ್ಜೆನ್ಸಿಗೆ ನೇರ ಹೋಗಿ. ಅದಕ್ಕೆ ಬೇಕಿರೋದು ಅಡ್ರಿನಲಿನ್ ಇಂಜೆಕ್ಷನ್. ಅಲರ್ಜಿ ಇದೆ ಅಂತ ಮೊದಲೇ ಗೊತ್ತಿರುವವರಿಗೆ ಒಂದೇ ನೊಣ ಸಾಕು.

ಅಲರ್ಜಿ ಇಲ್ಲದವರಿಗೂ ಹತ್ತಾರು ನೊಣ ಒಟ್ಟಿಗೆ ಕಚ್ಚಿದ್ದರೆ ಆಸ್ಪತ್ರೆಗೆ ತೋರಿಸಲೇಬೇಕು. ತುಂಬ ವಿಷ ಸೇರಿದರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಅದು ಮೊದಲ ದಿನವೇ ಗೊತ್ತಾಗಬೇಕೆಂದಿಲ್ಲ. ಮಕ್ಕಳು, ವಯಸ್ಸಾದವರ ವಿಷಯದಲ್ಲಿ ಇನ್ನೂ ಹುಷಾರು.

ಹುಬ್ಬಳ್ಳಿ ಮಂದಿ (ಹಡಪ್ಸರ್)

ಹೆಜ್ಜೇನು ಬೆನ್ನತ್ತಿದರೆ ನೀರಿಗೆ ಹಾರಬೇಕು ಅಂತಾರಲ್ರೀ ಡಾಕ್ಟ್ರೇ, ಖರೇನಾ?

ಡಾಕ್ಟ್ರಮ್ಮ

ಬೇಡವೇ ಬೇಡ. ಅವು ನೀರಿನ ಮೇಲೆ ಸುತ್ತುತ್ತಾ ಕಾಯುತ್ತವೆ, ನೀವು ಉಸಿರಿಗೆ ತಲೆ ಎತ್ತಲೇಬೇಕು. ಶರ್ಟ್ ಅಥವಾ ಸೆರಗು ಎಳೆದು ಮುಖ ಮುಚ್ಚಿಕೊಂಡು ಓಡಿ. ಮನೆ, ಕಾರು, ಅಂಗಡಿ, ಬಾಗಿಲು ಹಾಕಬಹುದಾದ ಯಾವುದಾದರೂ ಸರಿ. ಕೈ ಬೀಸಬೇಡಿ, ನಿಂತು ಹೊಡೆಯಬೇಡಿ. ಒಂದು ಕಚ್ಚಿದ ಜಾಗದಲ್ಲಿ ಮಾಗಿದ ಬಾಳೆಹಣ್ಣಿನಂಥ ವಾಸನೆ ಬಿಡುತ್ತೆ, ಉಳಿದವು ಅದೇ ವಾಸನೆಗೆ ಬರುತ್ತವೆ.

ಸೊಸೈಟಿ ಖಜಾಂಚಿ

ಸರಿ, ತುಡುವೆ ಪಾಪದ್ದು, ಒಪ್ಪಿದೆ. ನಮ್ಮಲ್ಲಿರೋದು ಹೆಜ್ಜೇನು. ಹನ್ನೊಂದನೇ ಮಹಡಿಯ ಛಜ್ಜಾ ಕೆಳಗೆ ಮೂರು ಗೂಡು. ಒಂದೊಂದೂ ಬಾಗಿಲ ಅರ್ಧ ಅಗಲ. ದೀಪಾವಳಿ ಹೊತ್ತಿಗೆ ಬಂದಿದ್ದು ಇನ್ನೂ ಇವೆ. ರಾತ್ರಿ ಟ್ಯೂಬ್‌ಲೈಟಿಗೆ ಬಂದು ಬೀಳುತ್ತವೆ. ಬೆಳಗ್ಗೆ ನೆಲದ ಮೇಲೆ ತುಳಿದು ಒಬ್ಬರಿಗೆ ಕಚ್ಚಿತು. ಪಾರ್ಕಿಂಗಲ್ಲಿ ಬಿಳಿ ಕಾರಿನ ಮೇಲೆಲ್ಲ ಹಳದಿ ಚುಕ್ಕೆ. ಪೇಂಟಿಂಗ್ ಕಂಟ್ರಾಕ್ಟರ್ ಮೇಲೆ ಜಗಳ ಆಗಿ, ಆಮೇಲೆ ಗೊತ್ತಾಯ್ತು ಅದು ನೊಣದ ಕೆಲಸ ಅಂತ. ಇದಕ್ಕೆ ಏನು ಹೇಳುತ್ತೀರಿ? ಪೆಟ್ಟಿಗೆ ತರುತ್ತೀರಾ?

ನೊಣದ ಹಿಂದೆ

ಹೆಜ್ಜೇನಿಗೆ ಪೆಟ್ಟಿಗೆ ಆಗಲ್ಲ ಸರ್. ಅದು ಬಯಲಲ್ಲಿ ಒಂದೇ ದೊಡ್ಡ ಎರಿ ಕಟ್ಟುವ ಜಾತಿ, ಕತ್ತಲೆ ಪೊಟರೆ ಒಲ್ಲದು. ಸಾಕಲು ಬರಲ್ಲ.

ಹಳದಿ ಚುಕ್ಕೆ ಬಗ್ಗೆ ಕೇಳಿ, ನಿಮ್ಮ ಕಂಟ್ರಾಕ್ಟರ್ ಜಗಳ ಏನೂ ಅಲ್ಲ. 1981ರಲ್ಲಿ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಅಲೆಕ್ಸಾಂಡರ್ ಹೇಗ್, ಸೋವಿಯತ್ ಒಕ್ಕೂಟ ಆಗ್ನೇಯ ಏಷ್ಯಾದಲ್ಲಿ ವಿಷಾಸ್ತ್ರ ಬಳಸುತ್ತಿದೆ ಅಂತ ಆರೋಪ ಮಾಡಿದರು. ಲಾವೋಸ್ ಕಡೆಯ ಹಳ್ಳಿಗರು "ಹಳದಿ ಮಳೆ" ಬಿತ್ತು ಅಂದಿದ್ದರು. ಎಲೆ ಮೇಲಿನ ಆ ಹಳದಿ ಚುಕ್ಕೆಗಳ ತುಂಬ ಪರಾಗ ಇತ್ತು. ಹಾರ್ವರ್ಡ್‌ನ ಮ್ಯಾಥ್ಯೂ ಮೆಸೆಲ್ಸನ್, ಜೇನು ವಿಜ್ಞಾನಿ ಥಾಮಸ್ ಸೀಲಿ ಮತ್ತಿತರರು ಥಾಯ್ಲೆಂಡಿಗೆ ಹೋಗಿ ನೋಡಿದರು. ಹೆಜ್ಜೇನು ಗುಂಪಾಗಿ ಹಾರಿ ಹೊಟ್ಟೆ ಖಾಲಿ ಮಾಡುವಾಗ ಬೀಳುವ ಹಿಕ್ಕೆ ಅಂತ ತೋರಿಸಿದರು. ಅವರ ಮೇಲೂ ಬಿತ್ತಂತೆ. ಬಿಸಿಲಲ್ಲಿ ಒಣಗುವ ಮುಂಚೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಕಾರಿನ ಮೇಲಿಂದ ಹೋಗುತ್ತೆ.

ದೀಪದ ವಿಷಯಕ್ಕೆ ಉಪಾಯ ಇದೆ. ಹೆಜ್ಜೇನು ಬೆಳದಿಂಗಳಲ್ಲೂ ಹಾರುವ ಜಾತಿ. ಕತ್ತಲಲ್ಲಿ ಪಕ್ಕದಲ್ಲೇ ಪ್ರಖರ ಬೆಳಕು ಇದ್ದರೆ ದಿಕ್ಕು ತಪ್ಪಿ ಅಲ್ಲಿಗೆ ಬರುತ್ತವೆ. ಗೂಡಿಗೆ ಎದುರಾಗಿರುವ ಬಾಲ್ಕನಿ ಲೈಟ್ ಆರಿಸಿ, ಕೋಣೆಗೆ ಪರದೆ ಎಳೆಯಿರಿ. ಬಿಳಿ ಬಲ್ಬ್ ತೆಗೆದು ಮಂಕು ಹಳದಿ ಹಾಕಿ. ಅರ್ಧ ರಗಳೆ ಅಲ್ಲೇ ಮುಗಿಯುತ್ತೆ.

ಬಾಲ್ಕನಿ ತೋಟ

ಅಪ್ಡೇಟ್. ಹಿಂಡು ಪೆಟ್ಟಿಗೆ ಸೇರಿತು! ಘಟ್ಟದ ಮೇಲಿನವರು ಆರೂಕಾಲಿಗೆ ಬಂದರು. ಮಾವ ಬರೆದ ಹಾಗೇ ಒಂದೇ ಕೊಡವಿಗೆ ಮುಕ್ಕಾಲು ಪಾಲು ಒಳಗೆ. ಆಮೇಲೆ ಉಳಿದವು ಸಾಲಾಗಿ ನಡೆದುಕೊಂಡು ಹೋದವು. ಚೇರ್ಮನ್ ಮೊದಲು ಗಾಜಿನ ಬಾಗಿಲ ಹಿಂದೆ ನಿಂತಿದ್ದರು, ಕೊನೆಗೆ ವಿಡಿಯೋ ಮಾಡುತ್ತಿದ್ದರು. ಪೆಸ್ಟ್ ಕಂಟ್ರೋಲ್ ಕ್ಯಾನ್ಸಲ್. ಪೆಟ್ಟಿಗೆ ಸದ್ಯಕ್ಕೆ ನಿಗಡಿಗೆ ಹೋಗಿದೆ.

ಈಗ ನನ್ನ ಎರಡನೇ ಪ್ರಶ್ನೆಗೆ ಬನ್ನಿ. ಬಾಲ್ಕನಿಗೆ ತರಲಾ?

ಘಟ್ಟದ ಮೇಲಿನವ

ಎದುರಿಗೇ ಹೇಳಲು ಸಂಕೋಚ ಆಯ್ತು ಅಕ್ಕ. ನಿಮ್ಮ ಬಾಲ್ಕನಿ ನೋಡಿದೆ. ಬೇಡ ಅನ್ನುತ್ತೇನೆ.

ಪಶ್ಚಿಮದ ಬಿಸಿಲು ಏಪ್ರಿಲ್‌ನಲ್ಲಿ ಮಧ್ಯಾಹ್ನ ಎರಡರಿಂದ ಆರರವರೆಗೆ ನೇರ ಬೀಳುತ್ತೆ. ಪುಣೆಯಲ್ಲಿ ಆಗ ನಲವತ್ತು ಡಿಗ್ರಿ ಮಾಮೂಲು. ತುಡುವೆಗೆ ಬಿಸಿ ತಡೆಯದಿದ್ದರೆ, ಇರುವೆ ಕಾಟ ಹೆಚ್ಚಾದರೆ, ಆಹಾರ ಸಾಲದಿದ್ದರೆ ಇಡೀ ಕುಟುಂಬ ಎದ್ದು ಹೋಗುತ್ತೆ. ಪಾಲಾಗೋದು ಬೇರೆ, ಇದು ಮನೆ ಖಾಲಿ ಮಾಡೋದು. ಎರಡನೆಯದು, ಪೆಟ್ಟಿಗೆ ಬಾಗಿಲಿನ ಎದುರು ಹತ್ತು ಹನ್ನೆರಡು ಅಡಿಯಾದರೂ ಖಾಲಿ ಇರಬೇಕು, ಅದು ನೊಣಗಳ ಓಡಾಟದ ದಾರಿ. ನಿಮ್ಮಲ್ಲಿ ಆ ದಾರಿ ನೇರ ಪಕ್ಕದ ಮನೆಯ ಬಟ್ಟೆ ಒಣಗಿಸುವ ಹಗ್ಗದ ಮೇಲೆ ಹೋಗುತ್ತೆ. ಒದ್ದೆ ಬಟ್ಟೆ ಕಂಡರೆ ಬೇಸಿಗೆಯಲ್ಲಿ ನೀರಿಗೆ ಅಂತ ಅಲ್ಲೇ ಕೂರುತ್ತವೆ. ಮೂರನೆಯದು, ಪೆಟ್ಟಿಗೆ ತೆರೆಯುವ ದಿನ. ವಾರ ಹತ್ತು ದಿನಕ್ಕೊಮ್ಮೆ ತೆರೆದು ನೋಡಬೇಕು. ಆಗ ನೂರಾರು ನೊಣ ಗಾಳಿಯಲ್ಲಿರುತ್ತವೆ. ನೀವು ಬಲೆ ಮುಸುಕು ಹಾಕಿರುತ್ತೀರಿ, ಪಕ್ಕದ ಮನೆ ಅಜ್ಜಿ ಹಾಕಿರಲ್ಲ.

ವಾಸ್ಕೋ ಹುಡುಗ (ಗೋವಾ)

ಇಷ್ಟು ಹೆದರಿಸಬೇಡಿ ಅಣ್ಣ. ನಾನು ಬಾಡಿಗೆ ಮನೆಯ ಹಿತ್ತಲಲ್ಲಿ ಎರಡು ಪೆಟ್ಟಿಗೆ ಇಟ್ಟಿದ್ದೇನೆ. ಸುತ್ತ ತೆಂಗು, ಗೇರು, ನೆರಳು. ಮಾಲೀಕರು ಕೊಂಕಣಿಯವರು, ಮೊದಮೊದಲು ಗೊಣಗಿದರು, ಈಗ ತೆಂಗಿನಲ್ಲಿ ಕಾಯಿ ಚೆನ್ನಾಗಿ ಕಚ್ಚುತ್ತಿದೆ ಅಂತ ಅವರೇ ಬಂದವರಿಗೆ ತೋರಿಸುತ್ತಾರೆ. ಬಾಗಿಲ ಎದುರು ಆಳೆತ್ತರದ ಶೇಡ್ ನೆಟ್ ಕಟ್ಟಿದ್ದೇನೆ. ನೊಣ ಹೊರಬಂದ ಕೂಡಲೇ ಮೇಲಕ್ಕೇರಿ ಜನರ ತಲೆಯ ಮೇಲಿಂದ ಹೋಗುತ್ತವೆ. ಬಾಲ್ಕನಿ ಆಗದಿದ್ದರೆ ಟೆರೇಸ್ ಕೇಳಿ ನೋಡಿ ಅಕ್ಕ.

ಸೊಸೈಟಿ ಖಜಾಂಚಿ

ಹಿತ್ತಲು ಬೇರೆ, ಟೆರೇಸ್ ಬೇರೆ. ಟೆರೇಸ್ ಎಲ್ಲರದ್ದು. ಹಪ್ಪಳ ಒಣಗಿಸುವವರು, ಟ್ಯಾಂಕ್ ತೊಳೆಯುವವರು, ಡಿಶ್ ರಿಪೇರಿಯವನು, ಎಲ್ಲರೂ ಹತ್ತುತ್ತಾರೆ. ಸೊಸೈಟಿಯ ಸಭೆಯಲ್ಲಿ ಠರಾವು ಆಗದೆ ಒಂದು ಕುಂಡ ಇಡೋಕೂ ನಾನು ಬಿಡಲ್ಲ. ಠರಾವು ಆದರೆ ನಂದೇನೂ ತಕರಾರಿಲ್ಲ.

ಪುತ್ತೂರಿನ ಮಾವ

ಖಜಾಂಚಿಯವರು ಹೇಳಿದ್ದು ಸರಿ. ನಾನು ಇನ್ನೊಂದು ಕಾರಣಕ್ಕೆ ಅವಸರ ಬೇಡ ಅನ್ನುತ್ತೇನೆ. ಮಳೆಗಾಲ. ಮುಂಬೈ, ಪುಣೆ ಎರಡರಲ್ಲೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೊಣಕ್ಕೆ ಹೊರಗೆ ಹೋಗಲು ಬಿಡುವು ಕಡಿಮೆ, ಹೂವೂ ಕಡಿಮೆ. ಆಗ ವಾರ ವಾರ ಪಾಕ ಕೊಡಬೇಕು, ಖಾಲಿ ಎರಿ ತೆಗೆದಿಡಬೇಕು. ಇಲ್ಲದಿದ್ದರೆ ಮೇಣದ ಹುಳು ಹೊಕ್ಕು ಬಲೆ ಹೆಣೆಯುತ್ತದೆ. ಜನ ಫೆಬ್ರವರಿಯಲ್ಲಿ ಹೂವು ನೋಡಿ ಪೆಟ್ಟಿಗೆ ಕೊಳ್ಳುತ್ತಾರೆ, ಆಗಸ್ಟ್‌ನಲ್ಲಿ ಖಾಲಿ ಪೆಟ್ಟಿಗೆ ಮಾರುತ್ತಾರೆ.

ಕಲಿಯುವ ಮನಸ್ಸಿದ್ದರೆ ಪುಣೆಯವರ ಅದೃಷ್ಟ ದೊಡ್ಡದು. ಖಾದಿ ಆಯೋಗದ ಕೇಂದ್ರೀಯ ಜೇನು ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1962ರಿಂದ ನಿಮ್ಮ ಊರಲ್ಲೇ, ಗಣೇಶಖಿಂಡ್ ರಸ್ತೆಯಲ್ಲೇ ಇದೆ. ಮೊದಲು ಅಲ್ಲಿ ತರಬೇತಿ ಕೇಳಿ. ಆಮೇಲೆ ಒಂದು ವರ್ಷ ಘಟ್ಟದ ಮೇಲಿನವರ ಪೆಟ್ಟಿಗೆ ಹತ್ತಿರ ಕೈಯಾಳಾಗಿ ನಿಲ್ಲಿ. ಒಂದು ಮಳೆಗಾಲ ಕಳೆದ ಮೇಲೆ ಬೇಕೋ ಬೇಡವೋ ನಿಮಗೇ ತಿಳಿಯುತ್ತದೆ.

ಮಾಟುಂಗದ ಮೈಸೂರಿಗ

ಬಾಲ್ಕನಿಗೆ ಮುಜಂಟಿ ಇಡಬಹುದಲ್ವಾ? ಕೊಂಡಿ ಇಲ್ಲ, ಕಚ್ಚುವ ಭಯ ಇಲ್ಲ. ನಮ್ಮ ಹಳೇ ಬಿಲ್ಡಿಂಗ್‌ನ ಮೆಟ್ಟಿಲ ಗೋಡೆಯಲ್ಲಿ ಒಂದು ಗೂಡಿದೆ. ಮೇಣದ ಸಣ್ಣ ಕೊಳವೆ ಹೊರಗೆ ಚಾಚಿಕೊಂಡಿರುತ್ತೆ. ಅಲ್ಲಿ ಓಡಾಡುವ ಅರ್ಧ ಜನಕ್ಕೆ ಅದು ಜೇನು ಅಂತಲೇ ಗೊತ್ತಿಲ್ಲ, ಸೊಳ್ಳೆ ಮರಿ ಅಂದುಕೊಂಡಿದ್ದಾರೆ.

ನೊಣದ ಹಿಂದೆ

ಮುಜಂಟಿ ಒಳ್ಳೇ ಯೋಚನೆ. ನಾಲ್ಕು ಮಿಲಿಮೀಟರ್ ನೊಣ, ತುಂಬಾ ದೂರ ಹೋಗಲ್ಲ, ಕುಂಡದ ತುಳಸಿಯೂ ಅದಕ್ಕೆ ಆಗುತ್ತೆ. ಆದರೆ ಪೆಟ್ಟಿಗೆ ಬೇಕು ಅಂತ ಗೋಡೆ ಅಗೆದು ಗೂಡು ಕೀಳಬೇಡಿ. ಸಾಕುವವರು ತಮ್ಮ ಕುಟುಂಬ ಪಾಲು ಮಾಡಿ ಕೊಡುತ್ತಾರೆ, ಅವರಿಂದ ತಗೊಳ್ಳಿ. ಜೇನು ಆಸೆ ಇಟ್ಟುಕೊಳ್ಳಬೇಡಿ, ವರ್ಷಕ್ಕೆ ಕೆಲವು ನೂರು ಗ್ರಾಂ ಸಿಕ್ಕರೆ ಹೆಚ್ಚು.

ಇನ್ನೊಂದು ಮಾತು, ಯಾರಿಗಾದರೂ ಬೇಜಾರಾದರೆ ಆಗಲಿ. "ಜೇನು ಉಳಿಸಲು ಪೆಟ್ಟಿಗೆ ಇಡುತ್ತೇನೆ" ಅನ್ನೋದು ಪೂರ್ತಿ ನಿಜ ಅಲ್ಲ. ಪೆಟ್ಟಿಗೆ ನಿಮ್ಮ ಖುಷಿಗೆ, ಜೇನುತುಪ್ಪಕ್ಕೆ. ಉಳಿಸೋದು ಅಂದರೆ ಸೊಸೈಟಿಯ ನುಗ್ಗೆ, ಹೊಂಗೆ, ನೇರಳೆ ಕಡಿಯದೆ ಬಿಡೋದು, ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಹೊಡೆಯದೇ ಇರೋದು. ಇದಕ್ಕೆ ಫೋಟೋ ಬರಲ್ಲ, ಲೈಕೂ ಬರಲ್ಲ.

ಹುಬ್ಬಳ್ಳಿ ಮಂದಿ

ನಮ್ಮ ಪರಿಚಯದವರೊಬ್ಬರು ಇಟಾಲಿಯನ್ ನೊಣದ ಪೆಟ್ಟಿಗೆ ಕೊಡ್ತೀನಿ ಅಂತಾರ್ರೀ. ಜೇನು ಜಾಸ್ತಿ ಬರ್ತದಂತ. ತಗೋಬಹುದಾ?

ಪುತ್ತೂರಿನ ಮಾವ

ಅಂದರೆ ಮೆಲ್ಲಿಫೆರಾ, ಹೊರಗಿಂದ ತಂದ ಜಾತಿ. ಅದು ಈ ದೇಶದಲ್ಲಿ ನೆಲೆ ನಿಂತಿದ್ದು 1962ರಲ್ಲಿ, ಹಿಮಾಚಲದ ನಗ್ರೋಟಾದಲ್ಲಿ. ಸಾಸಿವೆ, ಸೂರ್ಯಕಾಂತಿ ಹೊಲಗಳ ಬೆನ್ನು ಹತ್ತಿ ಲಾರಿಯಲ್ಲಿ ಪೆಟ್ಟಿಗೆ ಸಾಗಿಸುವವರಿಗೆ ಅದು ಸರಿ. ಒಂದೇ ಕಡೆ ಇಟ್ಟರೆ ಅದರ ಹೊಟ್ಟೆ ತುಂಬಿಸುವುದು ಕಷ್ಟ. ಹೂವಿಲ್ಲದ ಕಾಲದಲ್ಲಿ ಪಕ್ಕದ ತುಡುವೆ ಗೂಡಿಗೆ ನುಗ್ಗಿ ಜೇನು ಕದಿಯುತ್ತದೆ. ಹಡಪ್ಸರದ ಫ್ಲಾಟಿಗೆ ಬೇಡ.

ತುಡುವೆಯೂ ಗಟ್ಟಿ ಅಂತ ತಿಳಿಯಬೇಡಿ. 1991–92ರ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ರೋಗ ನಮ್ಮ ಕಡೆ ಇದ್ದ ತುಡುವೆ ಕುಟುಂಬಗಳಲ್ಲಿ ಹೆಚ್ಚಿನವನ್ನು ತಿಂದು ಹಾಕಿತು. ಮರಿ ಹುಳು ಕೋಶದಲ್ಲೇ ನೀರು ತುಂಬಿದ ಚೀಲದ ಹಾಗೆ ಸಾಯುತ್ತಿತ್ತು. ಊರಿಗೆ ಊರೇ ಪೆಟ್ಟಿಗೆ ಅಟ್ಟಕ್ಕೆ ಹಾಕಿತು. ಅದಕ್ಕೇ ಎಲ್ಲಿಂದಲೋ ತಂದ ಮರಿ ಚೌಕಟ್ಟು, ಹಳೇ ಎರಿ ಸುಮ್ಮನೆ ಒಳಗೆ ಇಡಬಾರದು. ಘಟ್ಟದ ಮೇಲಿನವರ ಚೌಕಟ್ಟು ಅವರದೇ ಆರೋಗ್ಯವಂತ ಕುಟುಂಬದ್ದು, ಅದು ಬೇರೆ ಮಾತು.

ಸೊಸೈಟಿ ಖಜಾಂಚಿ

ನಮ್ಮ ಮೂರು ಗೂಡಿನ ವಿಷಯ ಅಲ್ಲಿಗೇ ಬಿಟ್ಟಿರಿ. ಈ ಭಾನುವಾರ ಕಮಿಟಿ ಮೀಟಿಂಗ್ ಇದೆ. ಒಬ್ಬ ಏಜೆನ್ಸಿಯವನು ಔಷಧಿ ಹೊಡೆಯುತ್ತೇನೆ ಅಂತಾನೆ. ಇನ್ನೊಬ್ಬ ರಾತ್ರಿ ಪಂಜು ಹಿಡಿದು ಸುಟ್ಟು, ಜೇನು ತಾನೇ ತಗೊಂಡು ಹೋಗುತ್ತೇನೆ, ದುಡ್ಡು ಬೇಡ ಅಂತಾನೆ.

ಘಟ್ಟದ ಮೇಲಿನವ

ಇಬ್ಬರೂ ಬೇಡ ಸರ್.

ಔಷಧಿ ಹೊಡೆದರೆ ಮೂರು ದಿನ ಕೆಳಗೆಲ್ಲ ಅರೆಜೀವದ ನೊಣ ಉದುರುತ್ತೆ. ಬರಿಗಾಲಲ್ಲಿ ಓಡಾಡುವ ಮಕ್ಕಳಿಗೆ ಆಗಲೂ ಕಚ್ಚುತ್ತವೆ. ವಿಷ ಹತ್ತಿದ ಜೇನನ್ನು ಬೇರೆ ಗೂಡಿನ ನೊಣಗಳು ಹೊತ್ತೊಯ್ಯುತ್ತವೆ. ಜನರೂ ತಿನ್ನುತ್ತಾರೆ, ಅದು ಇನ್ನೂ ಕೆಟ್ಟದ್ದು. ಪಂಜಿನವನ ಕೆಲಸ ಹನ್ನೊಂದನೇ ಮಹಡಿಯಲ್ಲಿ, ಪರದೆ, ಎಸಿ ಪೈಪ್ ಪಕ್ಕದಲ್ಲಿ ಬೆಂಕಿ. ಯೋಚನೆ ಮಾಡಿ.

ಗೂಡು ಯಾರ ಕಿಟಕಿಗೂ ಕೈಗೆಟಕುವಷ್ಟು ಹತ್ತಿರ ಇಲ್ಲದಿದ್ದರೆ ಬಿಟ್ಟುಬಿಡಿ. ಮಳೆ ಶುರುವಾಗುವ ಹೊತ್ತಿಗೆ ಅವೇ ಊರು ಬಿಡುತ್ತವೆ. ಆಗ ಹಗ್ಗದ ಕೆಲಸ ಗೊತ್ತಿರುವವರನ್ನು ಕರೆಸಿ ಖಾಲಿ ಎರಿ ಕೀಳಿಸಿ, ಛಜ್ಜಾಗೆ ಅಂಟಿದ ಮೇಣ ಪೂರ್ತಿ ಕೆರೆಸಿ, ಸುಣ್ಣ ಹೊಡೆಸಿ. ಸೆಪ್ಟೆಂಬರ್‌ನಲ್ಲಿ ಅಲ್ಲಿ ನೈಲಾನ್ ಬಲೆ ಬಿಗಿಯಾಗಿ ಕಟ್ಟಿಸಿ. ಅದೇ ರಾಣಿಯ ಕುಟುಂಬ ಮರುವರ್ಷ ಅದೇ ಜಾಗಕ್ಕೆ ಮರಳುವುದನ್ನು ವಂಶವಾಹಿ ಪರೀಕ್ಷೆ ಮಾಡಿ ಕಂಡುಕೊಂಡಿದ್ದಾರೆ. ಹಾಗಾಗಿ ಬಲೆ ಕಟ್ಟದೆ ಈ ವರ್ಷ ಎಷ್ಟು ಓಡಿಸಿದರೂ ಮುಂದಿನ ದೀಪಾವಳಿಗೆ ಮತ್ತೆ ಹಾಜರ್.

ಅಲ್ಲಿವರೆಗೆ ಆ ಗೋಡೆಯ ಕೆಳಗೆ ಪಟಾಕಿ ಬೇಡ, ಕಸ ಸುಡೋದು ಬೇಡ, ಮದುವೆ ವಿಡಿಯೋಗೆ ಡ್ರೋನ್ ಬೇಡ. ಸಂಕ್ರಾಂತಿಗೆ ಗಾಳಿಪಟದ ಮಾಂಜಾ ಎರಿಗೆ ತಾಗಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ. ಹದ್ದು ಗಿಡುಗ ಎರಡೇಟು ಕೊಟ್ಟರೂ ಸಾಕು, ಕೆಳಗಿದ್ದವರ ಮೇಲೆ ಬರುತ್ತವೆ. ಅಜಂತಾ ಗುಹೆಗಳ ಹತ್ತಿರ ಪ್ರವಾಸಿಗರನ್ನು ಕಚ್ಚಿ ಓಡಿಸಿದ್ದೂ ಇದೇ ಜಾತಿ.

ಡಾಕ್ಟ್ರಮ್ಮ

ಒಂದು ತಿದ್ದುಪಡಿ. ಗೂಡಿನ ಪಕ್ಕದ ಮನೆಯಲ್ಲಿ ಜೇನು ಕಡಿತದ ಅಲರ್ಜಿ ಇರುವವರು ಇದ್ದರೆ, ಅಥವಾ ಗೂಡು ಶಾಲೆ, ಆಸ್ಪತ್ರೆಯ ಬಾಗಿಲ ಮೇಲಿದ್ದರೆ ಜೂನ್‌ವರೆಗೆ ಕಾಯಿರಿ ಅಂತ ನಾನು ಹೇಳಲ್ಲ. ಅಂಥ ಕಡೆ ಗೊತ್ತಿರುವವರಿಂದ ರಾತ್ರಿ ಹೊತ್ತು ಹೊಗೆ ಹಾಕಿಸಿ ನೊಣ ಎಬ್ಬಿಸಿ ಎರಿ ಇಳಿಸಲೇಬೇಕು. ಜೇನು ಮುಖ್ಯ, ಮನುಷ್ಯ ಅದಕ್ಕಿಂತ ಮುಖ್ಯ.

ಘಟ್ಟದ ಮೇಲಿನವ

ಒಪ್ಪಿದೆ ಮೇಡಂ. ಕೆಲಸಕ್ಕೆ ಮುಂಚೆ ಇಡೀ ವಿಂಗ್‌ಗೆ ನೋಟಿಸ್ ಹಾಕಬೇಕು, ಕಿಟಕಿ ಮುಚ್ಚಿ ಲೈಟ್ ಆರಿಸಿರಬೇಕು. ಆಮೇಲೆ ಒಂದೆರಡು ದಿನ ನೊಣ ಅಲ್ಲೇ ಸುತ್ತುತ್ತವೆ ಅನ್ನೋದನ್ನೂ ಮೊದಲೇ ಹೇಳಿರಬೇಕು.

ಮಾಟುಂಗದ ಮೈಸೂರಿಗ

ವಿಷಯ ಸ್ವಲ್ಪ ಬೇರೆ. ನಮ್ಮ ರೈಲ್ವೆ ಸ್ಟೇಷನ್ ಹತ್ತಿರ ಬಕೆಟ್‌ನಲ್ಲಿ ಎರಿ ಇಟ್ಟುಕೊಂಡು "ತಾಜಾ ಮಧ" ಅಂತ ಕಣ್ಣೆದುರೇ ಹಿಂಡಿ ಕೊಡುತ್ತಾರೆ. ಅಸಲಿಯಾ?

ಪುತ್ತೂರಿನ ಮಾವ

ಎರಿ ಅಸಲಿ ಇರಬಹುದು. ಬಕೆಟ್ ತಳದಲ್ಲಿ ಇರುವುದು ಹೆಚ್ಚಾಗಿ ಬೆಲ್ಲದ ಪಾಕ. ಅಸಲಿಯೇ ಆದರೂ ಎರಿ ಹಿಂಡಿದರೆ ಮರಿ, ಪರಾಗ ಎಲ್ಲ ಸೇರಿಕೊಂಡು ಬೇಗ ಹುಳಿ ಬರುತ್ತದೆ. ಯಾವ ಕಟ್ಟಡದ ಗೂಡು, ಅದಕ್ಕೆ ಯಾರು ಏನು ಹೊಡೆದಿದ್ದರು, ದೇವರಿಗೇ ಗೊತ್ತು. ನೀರಿಗೆ ಹಾಕಿ, ಬತ್ತಿಗೆ ಹಚ್ಚಿ ನೋಡುವ ಪರೀಕ್ಷೆಗಳನ್ನು ನಂಬಬೇಡಿ, ಗಟ್ಟಿ ಸಕ್ಕರೆ ಪಾಕವೂ ಪಾಸಾಗುತ್ತದೆ. ಗುರುತಿರುವ ಸಾಕಣೆಗಾರರಿಂದ ಕೊಳ್ಳಿ.

ಡಾಕ್ಟ್ರಮ್ಮ

ಮತ್ತು ಒಂದು ವರ್ಷದೊಳಗಿನ ಕೂಸಿಗೆ ಯಾವ ಜೇನೂ ಬೇಡ. ನಾಲಿಗೆಗೆ ನೆಕ್ಕಿಸೋದೂ ಬೇಡ. ಅಸಲಿ ಜೇನಲ್ಲೂ ಬಾಟುಲಿಸಂ ರೋಗಾಣುವಿನ ಬೀಜ ಇರಬಹುದು.

ಸೊಸೈಟಿ ಖಜಾಂಚಿ

ಮೀಟಿಂಗ್ ಮುಗೀತು. ಎರಡು ಗೂಡು ಖಾಲಿ ಗೋಡೆ ಮೇಲಿವೆ, ಮಳೆಗಾಲದವರೆಗೆ ಬಿಡೋದು ಅಂತಾಯ್ತು. ಒಂದು ಬೆಡ್‌ರೂಮ್ ಕಿಟಕಿಗೆ ಎರಡು ಅಡಿ ದೂರದಲ್ಲಿದೆ, ಅದನ್ನು ಇಳಿಸೋದು. ಸೆಪ್ಟೆಂಬರ್ ಬಲೆಗೆ ದುಡ್ಡು ಈಗಲೇ ತೆಗೆದಿಟ್ಟಿದ್ದೇವೆ. ಆ ಬಿಳಿ ಕಾರಿನವರು ಮಾತ್ರ ಇನ್ನೂ ಒಪ್ಪಿಲ್ಲ, ಕವರ್ ಕೊಡಿಸಿ ಅಂತ ಕೂತಿದ್ದಾರೆ.

ಬಾಲ್ಕನಿ ತೋಟ

ನಾನು ಶನಿವಾರ ನಿಗಡಿಗೆ ಹೋಗಿ ಕೈಯಾಳಾಗಿ ನಿಂತು ಬಂದೆ. ನಮ್ಮ ನುಗ್ಗೆ ಮರದ ಹಿಂಡು ನಿಂತಿದೆ, ಬಿಳಿ ಬಿಳಿ ಹೊಸ ಎರಿ ಎರಡು ಚೌಕಟ್ಟು ತುಂಬ ಇಳಿದಿದೆ. ರಾಣಿ ಮೊಟ್ಟೆ ಇಟ್ಟಿದ್ದೂ ಕಂಡಿತು, ಕೋಶದ ತಳದಲ್ಲಿ ಅಕ್ಕಿ ನುಚ್ಚಿಗಿಂತ ಸಣ್ಣದು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತೆ. ತರಬೇತಿಗೂ ಕೇಳಿದ್ದೇನೆ.

ಒಂದು ಅನುಮಾನ. ಸ್ಟ್ಯಾಂಡಿನ ನಾಲ್ಕೂ ಕಾಲಿಗೆ ನೀರಿನ ಬಟ್ಟಲು ಇಟ್ಟಿದ್ದಾರೆ, ಆದರೂ ಕೆಂಪಿರುವೆ ಹತ್ತುತ್ತಿತ್ತು. ಹೇಗೆ?

ವಾಸ್ಕೋ ಹುಡುಗ

ಬಟ್ಟಲಲ್ಲಿ ಒಣಗಿದ ಎಲೆ ಬಿದ್ದಿರುತ್ತೆ ನೋಡಿ ಅಕ್ಕ, ಇಲ್ಲಾಂದರೆ ಪಕ್ಕದ ಹುಲ್ಲು ಬೆಳೆದು ಪೆಟ್ಟಿಗೆಗೆ ತಾಗಿರುತ್ತೆ. ಹುಲ್ಲು ಕತ್ತರಿಸಿ, ನೀರಿಗೆ ಒಂದು ಚಮಚ ಹಳೇ ಎಂಜಿನ್ ಆಯಿಲ್ ಹಾಕಿ. ನೊಣ ಅದನ್ನು ಕುಡಿಯೋಕೆ ಬರದ ಹಾಗೆ ಬಟ್ಟಲ ಮೇಲೆ ತಗಡಿನ ಮುಚ್ಚಳ ಇರಲಿ, ಕುಡಿಯೋಕೆ ಬೇರೆ ತಟ್ಟೆಯಲ್ಲಿ ಕಲ್ಲು ಹಾಕಿ ನೀರಿಡಿ.

ಘಟ್ಟದ ಮೇಲಿನವ

ಹುಲ್ಲೇ. ಇವತ್ತು ಕತ್ತರಿಸಿದೆ.